ಮಾವನವರ ಹಗ್ಗ

ನಮ್ಮ ಯಜಮಾನರಿಗೆ ದಬ್ಬಳಕ್ಕೆ ಹುರಿ ಪೋಣಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಭದ್ರಾವತಿಯಲ್ಲಿ, ಶಿವಮೊಗ್ಗದಲ್ಲಿ, ಲಾರಿ ನಿಲ್ಲುವ ಯಾವ ಊರಲ್ಲಿ ಕೇಳಿದರೂ ಪುಟ್ಟಯ್ಯನವರ ಹೊಲಿಗೆ ಎಂದರೆ ದೊಡ್ಡ ಹೆಸರು. ಟಾರ್ಪಾಲು ಹರಿದು ಚಿಂದಿಯಾದರೂ ಪುಟ್ಟಯ್ಯನವರ ಹೊಲಿಗೆ ಬಿಡುವುದಿಲ್ಲ ಎನ್ನುತ್ತಾರೆ. ಬಿಡುವುದಿಲ್ಲ, ನಿಜ. ಅದು ನನ್ನ ಹೊಲಿಗೆ.

ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಿ ನಮ್ಮ ಅಂಗಡಿ. ಮುಂದುಗಡೆ ಇವರ ಕುರ್ಚಿ, ಹಿಂದುಗಡೆ ಕಿಟಕಿಯ ಪಕ್ಕ ನನ್ನ ಹಲಗೆ. ಇವರು ಗಿರಾಕಿಗಳ ಜೊತೆ ಮಾತಾಡುತ್ತಾರೆ, ಅಳತೆ ತೆಗೆಯುತ್ತಾರೆ, ಬಟ್ಟೆ ಕತ್ತರಿಸುತ್ತಾರೆ, ಕಾಫಿ ತರಿಸುತ್ತಾರೆ. ಅಂಚಿಗೆ ಹಗ್ಗ ಕೂರಿಸಿ ಹೊಲಿಯುವುದು, ಮೂಲೆ ಕಟ್ಟುವುದು, ಕೊಕ್ಕೆಗೆ ಸಿಕ್ಕಿಸುವ ಹಿತ್ತಾಳೆ ಬಳೆ ಹಾಕುವ ಜಾಗಕ್ಕೆ ನಾಲ್ಕು ಪದರ ಸೇರಿಸುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಹಲಗೆ. ದಬ್ಬಳ ಒತ್ತಲು ಅಂಗೈಗೆ ಕಟ್ಟಿಕೊಳ್ಳುವ ತೊಗಲಿನ ಪಟ್ಟಿಯೊಂದಿದೆ. ಹಳೆಯ ಬೆಲ್ಟಿನಿಂದ ನಾನೇ ಕತ್ತರಿಸಿ ಮಾಡಿಕೊಂಡಿದ್ದು. ಈಗ ಅದು ನನ್ನ ಬಲಗೈಯ ಆಕಾರಕ್ಕೆ ಬಗ್ಗಿ ಹೋಗಿದೆ. ಗಿರಾಕಿಗಳು ಹಿಂದುಗಡೆ ಬರುವುದಿಲ್ಲ, ಬಂದವರೂ ಮನೆ ಹೆಂಗಸು ಏನೋ ಮಾಡುತ್ತಿದ್ದಾಳೆ ಎಂದುಕೊಂಡು ತಿರುಗಿ ಹೋಗುತ್ತಾರೆ. ಇವರು ತಿದ್ದಿದವರಲ್ಲ.

ಇವರ ಹೆಮ್ಮೆಯೆಲ್ಲ ಒಂದು ಹಗ್ಗದ ಮೇಲೆ. ನಮ್ಮ ಮಾವನವರು ಹಿರಿಯಣ್ಣ ಎಂದು, ಅವರು ಕಟ್ಟಿದ ಅಳತೆಯ ಹಗ್ಗ. ಅಡಿಗೊಂದರಂತೆ ಇಪ್ಪತ್ತನಾಲ್ಕು ಗಂಟು. ದೇವರ ಫೋಟೊಗಳ ಪಕ್ಕದ ಮೊಳೆಗೆ ನೇತುಹಾಕಿರುತ್ತಾರೆ, ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚುತ್ತಾರೆ. ನನ್ನ ದಬ್ಬಳಕ್ಕೆ ಒಂದು ವರ್ಷವೂ ಹಚ್ಚಿಲ್ಲ. ಅಳತೆಗೆ ಹೋದಲ್ಲೆಲ್ಲ ಒಂದು ತುದಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಹಗ್ಗವನ್ನು ಬಿರ್ರನೆ ಎಳೆದು, ಕಣ್ಣು ಮುಚ್ಚಿ ಗಂಟು ಎಣಿಸುತ್ತಾರೆ. ಕಣ್ಣು ಯಾಕೆ ಮುಚ್ಚಬೇಕೋ ನನಗೆ ಇಂದಿಗೂ ಗೊತ್ತಿಲ್ಲ. ನೋಡುವವರಿಗೆ ಮಾತ್ರ ಏನೋ ಮಹಾ ವಿದ್ಯೆ ಎನ್ನಿಸುತ್ತದೆ.

ಅಷ್ಟು ವರ್ಷ ಎಳೆದರೆ ಹತ್ತಿಯ ಹಗ್ಗ ಉದ್ದವಾಗದೆ ಇರುತ್ತದೆಯೇ? ತೊಂಬತ್ತೊಂದರಲ್ಲಿ ಒಂದು ದಿನ ನಾನು ನನ್ನ ಟೇಪನ್ನು ಅದರ ಪಕ್ಕದಲ್ಲಿ ಹಾಸಿ ನೋಡಿದೆ. ಮದುವೆಗೆ ಮುಂಚೆ ಇದೇ ಊರಿನ ನ್ಯೂಟೌನಿನಲ್ಲಿ ಹೊಲಿಗೆ ಕಲಿತವಳು ನಾನು, ಟೇಪು ಆಗಿನದು. ಗಂಟಿನಿಂದ ಗಂಟಿಗೆ ಹನ್ನೆರಡೂವರೆ ಇಂಚು ಬಂತು. ಪ್ರತಿ ಅಡಿಗೂ ಅರ್ಧ ಇಂಚು ಹೆಚ್ಚು. ಇವರನ್ನು ಕರೆದು ತೋರಿಸಿದೆ. ಇವರು ಹಗ್ಗ ನೋಡಿದರು, ಟೇಪು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಟೇಪು ತಪ್ಪಿರ್ಬೇಕು," ಅಂದರು.

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾವನವರನ್ನು ಅವಮಾನ ಮಾಡಿದೆನಂತೆ. ಮಾವನವರು ಬದುಕಿದ್ದರೆ ಅವರೇ ಹಗ್ಗ ಬಿಚ್ಚಿ ಹೊಸದಾಗಿ ಗಂಟು ಹಾಕುತ್ತಿದ್ದರು, ಆ ಮನುಷ್ಯನಿಗೆ ತಲೆಯಿತ್ತು.

ಆದರೂ ಇಷ್ಟು ವರ್ಷ ಯಾವ ಕೆಲಸವೂ ಕೆಡಲಿಲ್ಲ, ಯಾಕೆಂದರೆ ಜಾಗ ಅಳೆಯುವುದೂ ಅದೇ ಹಗ್ಗ, ಬಟ್ಟೆ ಅಳೆಯುವುದೂ ಅದೇ ಹಗ್ಗ. ಎರಡೂ ಕಡೆ ಒಂದೇ ತಪ್ಪಾದರೆ ಲೆಕ್ಕ ಸರಿಯೇ ಆಗುತ್ತದೆ. ಇಷ್ಟಡಿಗೆ ಇಷ್ಟಡಿ ಟಾರ್ಪಾಲು ಬೇಕೆಂದು ಬಾಯಲ್ಲಿ ಹೇಳಿ ಹೋದ ಲಾರಿಯವರಿಗೆ ಮಾತ್ರ ಒಂದಡಿ ಹೆಚ್ಚೇ ಸಿಗುತ್ತಿತ್ತು. ಪುಟ್ಟಯ್ಯನವರದು ದೊಡ್ಡ ಕೈ ಎಂದು ಅವರೆಲ್ಲ ಹೊಗಳುತ್ತಿದ್ದರು. ಇವರು ಅದನ್ನು ನಂಬಿ, ತಾನು ಉದಾರಿ ಎಂದುಕೊಂಡು ಓಡಾಡುತ್ತಿದ್ದರು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಇವರ ಅಕ್ಕನ ಮಗ ಶ್ರೇಯಸ್ ಬಂದ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವನು. ಒಂದು ಕಂಪ್ಯೂಟರ್, ಅದು ಹೇಳಿದ ಅಳತೆಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಪ್ಲಾಸ್ಟಿಕ್ ಕ್ಯಾನ್ವಾಸನ್ನು ಬಿಸಿಗಾಳಿಯಿಂದ ಅಂಟಿಸುವ ಯಂತ್ರ, ಇಷ್ಟನ್ನು ಕೊಯಮತ್ತೂರಿನಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ಅಂಟಿಸಿದ ಜೋಡಣೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದೆ, ಬಿಡಲಿಲ್ಲ. ಒಳ್ಳೆಯ ಯಂತ್ರ. ಅದರ ಪಕ್ಕ ನಿಂತು ತಾನೇ ಅದನ್ನು ಹೆತ್ತವನ ಹಾಗೆ ಆಡುತ್ತಿದ್ದ ಹುಡುಗನನ್ನು ನೋಡಿದರೆ ಮೈ ಉರಿಯುತ್ತಿತ್ತು.

ಕಂಪ್ಯೂಟರಿಗೆ ಬೆಳಕಿರುವ, ಗೋಡೆ ಒಣಗಿರುವ ಜಾಗ ಬೇಕಿತ್ತು. ಅಂಥದ್ದು ಇದ್ದದ್ದು ಕಿಟಕಿಯ ಪಕ್ಕ ಮಾತ್ರ. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ನನ್ನ ಹಲಗೆಯ ಮೇಲೆ ಟಿ.ವಿಯಂಥ ಡಬ್ಬಿ ಕೂತಿತ್ತು. ನನ್ನ ದಬ್ಬಳದ ಪೆಟ್ಟಿಗೆ ಅಟ್ಟಕ್ಕೆ ಹೋಗಿತ್ತು.

"ಅತ್ತೆ, ನೀವು ಇನ್ಮೇಲೆ ಆರಾಮಾಗಿರಿ. ಎಲ್ಲಾ ಮಿಷನ್ ಮಾಡುತ್ತೆ," ಅಂದ ಶ್ರೇಯಸ್.

"ನಾನು ಆರಾಮ ಬೇಕು ಅಂತ ಯಾವಾಗ ಕೇಳ್ದೆ?"

"ಮಾವನೇ ಹೇಳಿದ್ರು, ಪಾಪ ನಿಮ್ಗೆ ವಯಸ್ಸಾಯ್ತು ಅಂತ."

ಮಾವ ಎನ್ನಿಸಿಕೊಂಡವರು ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವರು. ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೂತಿದ್ದರು. ನನಗೆ ಬೇಕಾಗಿದ್ದದ್ದು ಆ ಹಲಗೆ, ಅದರ ಮೇಲೆ ಕೂತು ಮಾಡುವ ಕೆಲಸ. ಚಿನ್ನ ಕೇಳಿದವಳಲ್ಲ, ತೀರ್ಥಯಾತ್ರೆ ಕೇಳಿದವಳಲ್ಲ. ನನ್ನ ಕೈಗೆ ಬಂದಿದ್ದು ಅದೊಂದೇ, ಅದನ್ನೂ ಇವರಿಬ್ಬರು ಒಂದು ಮಧ್ಯಾಹ್ನದಲ್ಲಿ ಎತ್ತಿ ಅಟ್ಟಕ್ಕೆ ಹಾಕಿದರು.

ಒಂದು ವಾರದಲ್ಲಿ ಬಣ್ಣದ ಕರಪತ್ರ ಬಂತು. 'ಪರಂಪರೆಯ ಕೈಚಳಕ, ಕಂಪ್ಯೂಟರಿನ ಕರಾರುವಾಕ್ಕು' ಎಂದು ಮೇಲೆ ದಪ್ಪಕ್ಷರ. ಕೆಳಗೆ ಇವರ ಫೋಟೊ. ಪಂಚೆ ಉಟ್ಟು, ವಿಭೂತಿ ಇಟ್ಟು, ನನ್ನ ದಬ್ಬಳವನ್ನು ಪೆನ್ನು ಹಿಡಿದ ಹಾಗೆ ಹಿಡಿದು ದೂರ ಎಲ್ಲೋ ನೋಡುತ್ತಿದ್ದಾರೆ. ನನ್ನ ತೊಗಲಿನ ಪಟ್ಟಿಯನ್ನು ಎಡಗೈಗೆ ಕಟ್ಟಿಕೊಂಡಿದ್ದಾರೆ. ಅದು ಬಲಗೈಯದು. ಸಾವಿರ ಪ್ರತಿ ಅಚ್ಚಾಯಿತು, ಒಬ್ಬನೇ ಒಬ್ಬನೂ ಕೇಳಲಿಲ್ಲ.

ಆ ಕರಪತ್ರ ನೋಡಿಯೇ ಶಿವಮೂರ್ತಪ್ಪನವರು ಹೇಳಿಕಳಿಸಿದ್ದು. ಶಿವಮೊಗ್ಗದ ರವೀಂದ್ರನಗರದಲ್ಲಿ ಅವರ ಮನೆ, ದುರ್ಗಿಗುಡಿಯ ಹಿಂದಿನ ಬೀದಿಯಲ್ಲಿ ಅವರದೇ ಒಂದು ಛತ್ರ. ಛತ್ರದ ಹಿಂದೆ ಊಟಕ್ಕೆ ಕೂರಿಸುವ ಅಂಗಳಕ್ಕೆ ಚಾವಣಿ ಇರಲಿಲ್ಲ. ಜೂನ್ ತಿಂಗಳಲ್ಲಿ, ಆಷಾಢಕ್ಕೆ ಮೊದಲು, ಮಗಳು ಸುಮನಾಳ ಮದುವೆ. ನಾಲ್ಕು ಗೋಡೆಯ ಕೊಕ್ಕೆಗಳಿಗೆ ಬಿಗಿಯಾಗಿ ಕೂರುವ, ಒಂದು ಹನಿ ಒಳಗೆ ಬೀಳದ ಹೊದಿಕೆ ಬೇಕಿತ್ತು.

ಅಳತೆಗೆ ಮೂವರೂ ಹೋದೆವು. ನನ್ನನ್ನು ಕರೆದದ್ದು ಹಗ್ಗದ ಇನ್ನೊಂದು ತುದಿ ಹಿಡಿಯಲು. ಶ್ರೇಯಸ್‌ನ ಬ್ಯಾಗಿನಲ್ಲಿ ಹೊಚ್ಚಹೊಸ ಸ್ಟೀಲ್ ಟೇಪಿತ್ತು. ಅವನು ಅದನ್ನು ತೆಗೆದ, ಇವರು ಹುಬ್ಬು ಗಂಟಿಕ್ಕಿದರು, ಅವನು ಒಳಗೆ ಹಾಕಿದ.

"ಹಗ್ಗಾನೇ ಚೆಂದ ಮಾವ. ಪಾರ್ಟಿ ನೋಡ್ತಿದಾರೆ," ಎಂದು ಪಿಸುಗುಟ್ಟಿ ಕ್ಯಾಮೆರಾ ತೆಗೆದ.

ಅಡ್ಡಕ್ಕೆ ಸರಿಯಾಗಿ ಒಂದು ಹಗ್ಗ, ಉದ್ದಕ್ಕೆ ಸರಿಯಾಗಿ ಎರಡು ಹಗ್ಗ. ಇವರು ಕಣ್ಣು ಬಿಟ್ಟು, "ನಮ್ಮ ತಂದೆಯವರ ಹಗ್ಗಕ್ಕೆ ಹೇಳಿ ಮಾಡಿಸಿದ ಜಾಗ. ಇಪ್ಪತ್ನಾಲ್ಕು, ನಲವತ್ತೆಂಟು," ಅಂದರು. ಶಿವಮೂರ್ತಪ್ಪನವರು ತಲೆದೂಗಿದರು. ಶ್ರೇಯಸ್ ಎರಡೂ ಸಂಖ್ಯೆ ಬರೆದುಕೊಂಡ.

ನಾನು ಬಾಯಿ ಬಿಟ್ಟೆ. "ಟೇಪಲ್ಲೂ ಒಂದ್ಸಲ ನೋಡ್ಕೊಳ್ಳಿ."

"ನೀನು ಸುಮ್ನೆ ತುದಿ ಹಿಡ್ಕೋ ಮಾರಾಯ್ತಿ," ಅಂದರು ಇವರು, ಎಲ್ಲರೂ ನಗುವ ಹಾಗೆ.

ತುದಿ ಹಿಡಿದುಕೊಂಡೆ. ಭದ್ರಾವತಿಗೆ ವಾಪಸು ಬರುವ ಬಸ್ಸಿನಲ್ಲಿ ಇನ್ನೊಮ್ಮೆ ಹೇಳಬಹುದಿತ್ತು. ಬಟ್ಟೆಯನ್ನು ಈ ಸಲ ಹಗ್ಗದಿಂದ ಅಳೆಯುವುದಿಲ್ಲ, ಕಂಪ್ಯೂಟರ್ ಅಳೆಯುತ್ತದೆ, ಅದರ ಅಡಿಗೆ ಹನ್ನೆರಡೇ ಇಂಚು ಎಂದು. ಹೇಳಲಿಲ್ಲ. ಒಂದು ಹೆಣ್ಣುಮಗಳ ಮದುವೆ ಊಟ ಕೆಡುತ್ತದಲ್ಲ ಎಂದು ಸ್ವಲ್ಪ ಚುಚ್ಚಿತು. ಸ್ವಲ್ಪವೇ. ಹೆಚ್ಚು ಚುಚ್ಚಿತು ಎಂದರೆ ಸುಳ್ಳು ಹೇಳಿದ ಹಾಗೆ.

ಭಾನುವಾರ ಮದುವೆ, ಶುಕ್ರವಾರ ಬೆಳಿಗ್ಗೆ ಹೊದಿಕೆ ತೆಗೆದುಕೊಂಡು ಹೋದೆವು. ನೀಲಿ ಪ್ಲಾಸ್ಟಿಕ್ ಕ್ಯಾನ್ವಾಸು, ಎಲ್ಲೂ ಒಂದು ಸುಕ್ಕಿಲ್ಲ. ಒಂದು ಪಕ್ಕದ ಕೊಕ್ಕೆಗಳಿಗೆ ಹಾಕಿ ಇನ್ನೊಂದು ಪಕ್ಕಕ್ಕೆ ಎಳೆದರು. ಮುಟ್ಟಲಿಲ್ಲ. ಆಳುಗಳು ಏಣಿಯ ಮೇಲೆ ನಿಂತು ಜಗ್ಗಿದರು. ಅಗಲಕ್ಕೆ ಒಂದಡಿ ಸಾಲದು, ಉದ್ದಕ್ಕೆ ಎರಡಡಿ ಸಾಲದು. ಗೋಡೆಯ ಪಕ್ಕ ಆಕಾಶ ಕಾಣುತ್ತಿತ್ತು, ಅದರ ಕೆಳಗೇ ಎಲೆ ಸಾಲು ಬರುವುದು.

"ನಿನ್ನ ಕಂಪ್ಯೂಟರ್ ತಿಂದ್ಹಾಕಿದೆ ಬಟ್ಟೇನ," ಅಂದರು ಇವರು.

"ಕಂಪ್ಯೂಟರ್ ತಪ್ಪು ಮಾಡಲ್ಲ ಮಾವ. ಕ್ಯಾನ್ವಾಸ್ ಶ್ರಿಂಕ್ ಆಗಿದೆ. ಬಿಸಿಗಾಳಿಗೆ ಶ್ರಿಂಕ್ ಆಗುತ್ತೆ."

"ನನ್ನ ಕಾಲದಲ್ಲಿ ಯಾವ ಬಟ್ಟೇನೂ ಶ್ರಿಂಕ್ ಆಗ್ತಿರ್ಲಿಲ್ಲ."

ಒಬ್ಬರ ಕೈಯಲ್ಲಿ ಹಗ್ಗ, ಒಬ್ಬನ ಬ್ಯಾಗಿನಲ್ಲಿ ಟೇಪು. ಎರಡನ್ನೂ ಒಂದರ ಪಕ್ಕ ಒಂದು ಹಿಡಿದು ನೋಡೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಶಿವಮೂರ್ತಪ್ಪನವರು ಕೂಗಾಡುವ ಜನವಲ್ಲ. "ನಾಡಿದ್ದು ಆರುನೂರು ಜನ ಊಟಕ್ಕೆ ಕೂರ್ತಾರೆ ಪುಟ್ಟಯ್ಯನೋರೆ, ನನ್ನ ಮರ್ಯಾದೆ ನೋಡ್ಕೊಳ್ಳಿ," ಎಂದಷ್ಟೇ ಹೇಳಿ ಮದುವೆಯ ಓಡಾಟಕ್ಕೆ ಹೋದರು.

ಅವರು ಹೋದಮೇಲೆ ಇವರು ನನ್ನ ಹತ್ತಿರ ಬಂದರು. "ವಸಂತಾ, ಏನಾದ್ರೂ ಮಾಡು."

"ನನ್ನ ಪೆಟ್ಟಿಗೆ ಅಟ್ಟದ ಮೇಲಿದೆ," ಅಂದೆ.

ಶ್ರೇಯಸ್ ಬಸ್ಸು ಹತ್ತಿ ಹೋಗಿ ಪೆಟ್ಟಿಗೆ ತಂದ, ಅಂಗಡಿಯಲ್ಲಿ ಉಳಿದಿದ್ದ ಹಸಿರು ಹತ್ತಿ ಕ್ಯಾನ್ವಾಸಿನ ಸುರುಳಿ ತಂದ. ನೀಲಿ ಬಟ್ಟೆ ಒಂದು ಗೇಣೂ ಉಳಿದಿರಲಿಲ್ಲ. ಹತ್ತಿಯನ್ನು ಪ್ಲಾಸ್ಟಿಕ್ಕಿಗೆ ಬಿಸಿಗಾಳಿ ಅಂಟಿಸುವುದಿಲ್ಲ, ಹೊಲಿಯಲೇಬೇಕು. ನಾಲ್ಕೂ ಕಡೆ ಹಸಿರು ಅಂಚು ಕೊಡುವುದು ಎಂದು ನಿರ್ಧರಿಸಿದೆ. ನೀರು ಹರಿದು ಹೋಗುವಂತೆ ನೀಲಿ ಮೇಲೆ, ಹಸಿರು ಕೆಳಗೆ. ಹತ್ತಿಯ ಹುರಿ ಮಳೆಗೆ ನೆನೆದರೆ ಉಬ್ಬಿ ದಬ್ಬಳದ ತೂತನ್ನು ತಾನೇ ಮುಚ್ಚುತ್ತದೆ, ನೈಲಾನು ಮುಚ್ಚುವುದಿಲ್ಲ. ಇದು ಕರಪತ್ರದಲ್ಲೂ ಇತ್ತು, 'ಪುಟ್ಟಯ್ಯನವರ ರಹಸ್ಯ' ಎಂದು.

ಶುಕ್ರವಾರ, ಶನಿವಾರ ಛತ್ರದ ನೆಲದ ಮೇಲೆ ಕೂತು ಹೊಲಿದೆ. ನೂರೈವತ್ತು ಅಡಿ. ಶ್ರೇಯಸ್ ಹಿಂದಿನಿಂದ ಬಳೆ ಹಾಕುತ್ತಾ ಬಂದ. ಮೊದಲ ದಿನ ಏನೇನೋ ಮಾತಾಡುತ್ತಿದ್ದವನು ಎರಡನೆಯ ದಿನ ನನ್ನ ಕೈಯನ್ನೇ ನೋಡುತ್ತಿದ್ದ. ಬೆರಳು ಊದಿದವು. ಆದರೂ ಎಷ್ಟೋ ದಿನದ ಮೇಲೆ ನನಗೆ ಹಸಿವಾಯಿತು, ಅಡುಗೆಯವರ ಹತ್ತಿರ ಎರಡು ಸಲ ಉಪ್ಪಿಟ್ಟು ಕೇಳಿ ತಿಂದೆ.

ಶನಿವಾರ ಸಂಜೆ ಕೊನೆಯ ಮೂಲೆ ಉಳಿದಿತ್ತು. ಕಾಫಿಗೆಂದು ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ಶಿವಮೂರ್ತಪ್ಪನವರು ಬಂದರು. ನೀಲಿಗೆ ಹಸಿರು ಅಂಚು ನೋಡಿ ಅವರಿಗೆ ಸೀರೆಯ ಸೆರಗು ನೆನಪಾಯಿತಂತೆ. ಅಂಚನ್ನು ಕೈಯಲ್ಲಿ ಸವರುತ್ತ ನಿಂತಿದ್ದವರು ನಮ್ಮ ಯಜಮಾನರು.

"ಎಂಥ ಕೈ ನಿಮ್ದು, ಪುಟ್ಟಯ್ಯನೋರೆ."

"ನಮ್ಮ ತಂದೆಯವರು ಕಲಿಸಿದ್ದು," ಅಂದರು ಇವರು.

"ನಾಳೆ ಬೀಗರ ಎದುರಿಗೆ ನಿಮ್ಗೊಂದು ಶಾಲು ಹೊದಿಸ್ಬೇಕು."

"ಅಯ್ಯೋ, ಅದೆಲ್ಲ ಯಾಕೆ," ಎಂದು ಇವರು ತಲೆ ತಗ್ಗಿಸಿದರು. ಬೇಡ ಎನ್ನಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಾನು ನಿಂತಿದ್ದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಕಾಫಿ ಕುಡಿದು ಮುಗಿಸಿದೆ. ಶಿವಮೂರ್ತಪ್ಪನವರು ಹೊರಟ ಮೇಲೆ ಹೋಗಿ ಆ ಮೂಲೆಯಲ್ಲಿ ಒಂದು ಮೊಳ ಹೊಲಿಗೆ ಹಾಗೇ ಬಿಟ್ಟು, ಹುರಿಯಲ್ಲಿ ನಾಲ್ಕು ಗಂಟು ಬಿಗಿದೆ. "ಒಂದು ಮೊಳ ಬಾಕಿ ಇದೆ ನೋಡಿ. ತಂದೆಯವರು ಕಲಿಸಿದಾರಲ್ಲ, ಅದನ್ನ ನೀವೇ ಹಾಕಿ," ಅಂದೆ. ಇವರು ನಕ್ಕರು. ಬೆಳಿಗ್ಗೆ ಎದ್ದು ಇವಳೇ ಹಾಕುತ್ತಾಳೆ ಎಂದುಕೊಂಡಿರಬೇಕು.

ಭಾನುವಾರ ಧಾರೆ ಮುಗಿಯುವಾಗ ಮಳೆ ಹಿಡಿಯಿತು. ಹೊದಿಕೆಯ ಮೇಲೆ ಮಳೆಯ ಸದ್ದೇ ಸದ್ದು, ಒಳಗೆ ಒಂದು ಹನಿಯಿಲ್ಲ. ಮೊದಲ ಪಂಕ್ತಿ ಮುಗಿದ ಮೇಲೆ ಶಿವಮೂರ್ತಪ್ಪನವರು ಅಂಗಳದಲ್ಲೇ ಇವರನ್ನು ಕುರ್ಚಿಯ ಮೇಲೆ ಕೂರಿಸಿ ಜರಿಪೇಟ ಇಟ್ಟರು, ಹಾರ ಹಾಕಿದರು, ಶಾಲು ಹೊದಿಸಿದರು. ಬೀಗರು ದಾವಣಗೆರೆಯವರು, ದೊಡ್ಡ ಜವಳಿ ವ್ಯಾಪಾರಿಗಳಂತೆ. ಅವರು ಚಪ್ಪಾಳೆ ತಟ್ಟಿದರು. ಇವರು ಕೈಮುಗಿದು ನಿಂತರು. ಆಗ, ಅಷ್ಟು ಹೊತ್ತು ಮೇಲೆ ತುಂಬಿ ನಿಂತಿದ್ದ ನೀರು ಹೊಲಿಗೆ ಬಿಟ್ಟ ಮೂಲೆಯಿಂದ ಬಂತು, ತೊಟ್ಟಿಕ್ಕುವುದಲ್ಲ, ನಲ್ಲಿ ಬಿಟ್ಟ ಹಾಗೆ.

"ಅದೊಂದು ಬಿಟ್ಟೋಗಿದೆ ಅನ್ಸುತ್ತೆ," ಅಂದರು ಶಿವಮೂರ್ತಪ್ಪನವರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. "ಒಳ್ಳೇದೇ ಆಯ್ತು. ಬೀಗರೂ ನೋಡ್ಲಿ, ನೀವೇ ಕೈಯಾರೆ ಎರಡು ಹೊಲಿಗೆ ಹಾಕ್ಬಿಡಿ."

ಶ್ರೇಯಸ್ ಕೊಕ್ಕೆ ಬಿಚ್ಚಿ ಮೂಲೆಯನ್ನು ಕೆಳಗಿಳಿಸಿ ಹಿಡಿದ. ನಾನು ಕೈಚೀಲದಿಂದ ದಬ್ಬಳ, ಹುರಿ, ತೊಗಲಿನ ಪಟ್ಟಿ ತೆಗೆದು ಇವರ ಕೈಗೆ ಕೊಟ್ಟು, ಮತ್ತೆ ಬಂದು ಹೆಂಗಸರ ಸಾಲಿನಲ್ಲಿ ಕೂತೆ. ಇವರು ಪಟ್ಟಿಯನ್ನು ಎಡಗೈಗೆ ಹಾಕಿದರು. ಏನೋ ಅನುಮಾನವಾಗಿ ಬಲಗೈಗೆ ಬದಲಿಸಿದರು. ಹೆಬ್ಬೆರಳು ತೂರಲಿಲ್ಲ. ಹುರಿಯನ್ನು ಬಾಯಿಗೆ ಹಾಕಿ ಎಂಜಲು ಮಾಡಿ ಪೋಣಿಸಲು ನೋಡಿದರು, ಐದು ಸಲ ತಪ್ಪಿತು. ಕೊನೆಗೆ ಬೀಗರಲ್ಲೊಬ್ಬರು ಪೋಣಿಸಿ ಕೊಟ್ಟರು. ದಬ್ಬಳವನ್ನು ಬರಿಗೈಯಿಂದ ಒತ್ತಿದರೆ ಎರಡು ಪದರ ಕ್ಯಾನ್ವಾಸು ಜಗ್ಗುತ್ತದೆಯೇ? ಜಾರಿ ಎಡಗೈಯ ಬೆರಳಿಗೆ ಹೊಕ್ಕಿತು. ಶಾಲಿನ ಮೇಲೆ ಎರಡು ತೊಟ್ಟು ರಕ್ತ ಬಿತ್ತು. ಪೇಟ ಹಣೆಯವರೆಗೆ ಜಾರಿತ್ತು, ಅದರ ಕೆಳಗಿನಿಂದ ನನ್ನನ್ನು ಹುಡುಕಿದರು.

"ವಸಂತಾ, ಬಾ ಇಲ್ಲಿ."

"ಯಾಕೆ?" ಅಂದೆ, ಕೂತಲ್ಲಿಂದಲೇ.

"ಬಾ ಅಂದೆ."

"ಯಾಕೆ ಅಂತ ಹೇಳಿ. ಎಲ್ರೂ ಕಾಯ್ತಿದಾರೆ."

ನೀರು ಸುರಿಯುತ್ತಲೇ ಇತ್ತು. ಎರಡನೆಯ ಪಂಕ್ತಿಯವರು ಬಾಗಿಲಲ್ಲಿ ನಿಂತಿದ್ದರು. ಇವರನ್ನು ನೋಡಿ ನನಗೆ ಅಯ್ಯೋ ಪಾಪ ಅನ್ನಿಸಬಹುದಿತ್ತು, ಅನ್ನಿಸಲಿಲ್ಲ. ಇಪ್ಪತ್ತಾರು ವರ್ಷ ನಾನು ಕಾದಿದ್ದೆ, ಇವರು ಒಂದು ನಿಮಿಷ ಕಾಯಲಿ.

"ನಂಗೆ ಬರಲ್ಲ," ಅಂದರು ಇವರು, ನೆಲ ನೋಡುತ್ತ. "ಹೊಲಿಯೋದು ಇವಳು. ಮೊದ್ಲಿಂದ್ಲೂ ಇವಳೇ."

ಎದ್ದು ಹೋದೆ. ಪಟ್ಟಿ ಕಟ್ಟಿಕೊಂಡೆ. ಒಂದು ಮೊಳ ಹೊಲಿಯಲು ಎಷ್ಟು ಹೊತ್ತು ಬೇಕು? ಬೀಗರು ಬಗ್ಗಿ ನೋಡಿದರು. ನೀರು ನಿಂತಿತು, ಎಲೆ ಹಾಕಿದರು. ಶಿವಮೂರ್ತಪ್ಪನವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹೊದಿಸಿದ ಶಾಲನ್ನು ತೆಗೆದು ಇನ್ನೊಬ್ಬರಿಗೆ ಹೊದಿಸುವ ಪದ್ಧತಿಯಿಲ್ಲ. ಒಳಗೆ ಹೋಗಿ ಮನೆಯವರಿಗೆ ಹೇಳಿದರು, ಆ ತಾಯಿ ಬಂದು ನನಗೆ ಅರಿಶಿನ ಕುಂಕುಮ ಕೊಟ್ಟು ಒಂದು ಬ್ಲೌಸ್ ಪೀಸ್ ಕೊಟ್ಟರು. ಊಟಕ್ಕೆ ಬಂದ ಹೆಂಗಸರಿಗೆಲ್ಲ ಕೊಡುತ್ತಿದ್ದದ್ದು ಅದೇ. ಆಮೇಲೆ ಟೇಪು ಹಿಡಿದು ನೋಡಿದೆ, ಒಂದು ರವಿಕೆಗೆ ಸಾಲದು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋದಾಗ ಕಿಟಕಿಯ ಪಕ್ಕ ನನ್ನ ಹಲಗೆ ಖಾಲಿಯಿತ್ತು. ಕಂಪ್ಯೂಟರ್ ಇವರ ಕುರ್ಚಿಯ ಪಕ್ಕಕ್ಕೆ ಹೋಗಿತ್ತು. ಶ್ರೇಯಸ್ ಎಲ್ಲವನ್ನೂ ಒಬ್ಬನೇ ಎತ್ತಿಟ್ಟು, ಹಲಗೆ ಒರೆಸಿ, ನನ್ನ ಪೆಟ್ಟಿಗೆಯನ್ನು ಅದರ ಮೇಲಿಟ್ಟಿದ್ದ. ಇವರ ಪೇಟ ಹಗ್ಗ ನೇತುಹಾಕುವ ಮೊಳೆಯ ಮೇಲೆ ಕೂತಿತ್ತು, ಹಗ್ಗ ಅದರ ಕೆಳಗೆ.

"ಅತ್ತೆ, ಹೊಸ ಕರಪತ್ರಕ್ಕೆ ನಿಮ್ಮ ಫೋಟೊ ತೆಗೀತೀನಿ," ಅಂದ ಶ್ರೇಯಸ್. "ಆ ಶ್ರಿಂಕೇಜನ್ನೂ ಕಂಪ್ಯೂಟರಿಗೆ ಸೇರಿಸ್ಬಿಟ್ಟಿದೀನಿ, ನೂರಕ್ಕೆ ನಾಲ್ಕು. ಇನ್ಮೇಲೆ ಚಿಕ್ಕದಾಗಲ್ಲ."

ಹುಡುಗ ಹಲಗೆ ಒರೆಸಿದ್ದ. ಅದೊಂದಕ್ಕಾಗಿ ಹೇಳೋಣ ಎನ್ನಿಸಿತು. ಮೊಳೆಯಿಂದ ಹಗ್ಗ ತೆಗೆದು ಹಲಗೆಯ ಮೇಲೆ ಹಾಸಿದೆ. "ನಿನ್ನ ಸ್ಟೀಲ್ ಟೇಪು ತಗೊಂಬಾ. ಇದ್ರ ಪಕ್ಕದಲ್ಲಿ ಇಡು."

ಅವನು ಇಟ್ಟ. ಒಂದು ಗಂಟು ನೋಡಿದ, ಮುಂದಿನದು ನೋಡಿದ, ಮಂಡಿಯೂರಿ ಕೂತು ಕೊನೆಯ ಗಂಟಿನವರೆಗೂ ನೋಡಿದ. ಇಪ್ಪತ್ತನಾಲ್ಕನೆಯ ಗಂಟಿಗೆ ಟೇಪು ಇಪ್ಪತ್ತೈದು ಅಡಿ ತೋರಿಸುತ್ತಿತ್ತು. ಅವನ ಕಿವಿ ಕೆಂಪಾಯಿತು.

"ಮಾವ, ಒಂದ್ನಿಮಿಷ ಬನ್ನಿ," ಅಂದ.

ಇವರು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ನಿಧಾನವಾಗಿ ಬಂದು ನಿಂತರು. ಹಗ್ಗ ನೋಡಿದರು. ಟೇಪು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ದಬ್ಬಳಕ್ಕೆ ಹುರಿ ಪೋಣಿಸುತ್ತಿದ್ದೆ.

"ಟೇಪು ತಪ್ಪಿರ್ಬೇಕು," ಅಂದರು.